ಬಣ್ಣದ ಪಂತ, ಹಾವಿನ ಪಾಡು

ಕಳೆದ ತಿಂಗಳ ಒಂದು ಭಾನುವಾರ ಸಂಜೆ ವೈಟ್ಟಿಲದ ನಮ್ಮ ಫ್ಲಾಟಿಗೆ ಪರಿಚಿತ ಕನ್ನಡ ಕುಟುಂಬದ ಯುವಕನೊಬ್ಬ ಬಂದಿದ್ದ. ಅವನ ತಂದೆ ಉಡುಪಿಯ ಕಡೆಯವರು, ಮೂವತ್ತು ವರ್ಷಗಳ ಹಿಂದೆ ಎರ್ನಾಕುಳಂಗೆ ಬಂದು ನೆಲೆನಿಂತವರು. ಹುಡುಗ ಕಾಕ್ಕನಾಡಿನ ಕಂಪನಿಯೊಂದರಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಬ್ಯಾಂಕಿನ ಮೇಜಿನ ಹಿಂದೆ ಮೂರು ದಶಕ ಕಳೆದ ನಮ್ಮಂಥವರ ಬಳಿಗೆ ತರುಣರು ಬರುವುದು ಸಾಮಾನ್ಯವಾಗಿ ಗೃಹಸಾಲದ ಬಡ್ಡಿದರ ವಿಚಾರಿಸುವುದಕ್ಕೆ. ಇವನು ತಂದದ್ದು ಐದು ಹಾಳೆಗಳ ಒಂದು ಪ್ರಾಜೆಕ್ಟ್ ರಿಪೋರ್ಟು. ಉದ್ದೇಶಿತ ಉದ್ಯಮ: ಸಾಕುಹಾವುಗಳ ಮರಿ ಮಾಡಿಸಿ ಮಾರುವುದು.

ವರದಿಯನ್ನು ಅಚ್ಚುಕಟ್ಟಾಗಿಯೇ ಬರೆದಿದ್ದ. ಹಾವಿನ ಜಾತಿ, ಬಣ್ಣದ ಬಗೆ, ವರ್ಷಕ್ಕೆ ನಿರೀಕ್ಷಿತ ಮೊಟ್ಟೆ, ಮರಿಯೊಂದರ ಬೆಲೆ, ಮೂರನೆಯ ವರ್ಷದ ನಿವ್ವಳ ಲಾಭ. ಆ ಪಟ್ಟಿಯ ಒಂದು ಸಾಲಿನಲ್ಲಿ ‘ಸ್ಪೈಡರ್’ ಎಂದು ಬರೆದಿತ್ತು. ಅದೇನೆಂದು ಕೇಳಿದಾಗ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಹೊಂಬಣ್ಣದ ಮೈಮೇಲೆ ಜೇಡರ ಬಲೆಯ ಎಳೆಗಳಂತೆ ಸಪೂರ ಕಪ್ಪು ಗೆರೆಗಳು. ಚೆಲುವಾದ ಹಾವು, ಅನುಮಾನವಿಲ್ಲ. ಆದರೆ ಅದರ ತಲೆ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಒಮ್ಮೆ ಎಡಕ್ಕೆ ವಾಲಿ, ನಡುಗಿ, ತಿರುಪಿನಂತೆ ಸುತ್ತಿ, ಕೊರಳು ಮೇಲುಕೆಳಗಾಗಿ ಮತ್ತೆ ಮೊದಲಿನ ಸ್ಥಿತಿಗೆ ಬರಲು ತಡಕಾಡುತ್ತಿತ್ತು.

“ಇದಕ್ಕೇನಾಗಿದೆ?” ಎಂದು ಕೇಳಿದೆವು.

“ಅದು ವಾಬಲ್ ಅಂಕಲ್, ಅಷ್ಟೆ. ಈ ಬಣ್ಣದ ಹಾವುಗಳಿಗೆಲ್ಲ ಇದ್ದದ್ದೇ. ಚೆನ್ನಾಗಿ ತಿನ್ನುತ್ತದೆ, ಮೊಟ್ಟೆಯನ್ನೂ ಇಡುತ್ತದೆ” ಎಂದ.

ಆ ‘ಅಷ್ಟೆ’ ಎಂಬ ಒಂದು ಮಾತು ನಮ್ಮನ್ನು ಬಿಡದೆ ಕಾಡಿ ಈ ಬರಹಕ್ಕೆ ಕಾರಣವಾಯಿತು.

ಯಾವ ಹಾವು, ಯಾವ ಪೇಟೆ?

ಹುಡುಗನ ಪಟ್ಟಿಯಲ್ಲಿದ್ದದ್ದು ಬಾಲ್ ಪೈಥಾನ್. ನಮ್ಮ ಕಾಡುಗಳ ಹೆಬ್ಬಾವಿನ ಆಫ್ರಿಕದ ಚಿಕ್ಕ ಬಂಧು ಎನ್ನಬಹುದು. ಘಾನಾ, ಟೋಗೋ, ಬೆನಿನ್ ಮೊದಲಾದ ದೇಶಗಳ ಹುಲ್ಲುಗಾವಲುಗಳಲ್ಲಿ ಇಲಿಬಿಲಗಳಲ್ಲೂ ಗೆದ್ದಲ ಹುತ್ತಗಳಲ್ಲೂ ಹಗಲು ಕಳೆದು ರಾತ್ರಿ ಹೊರಬರುವ ಪ್ರಾಣಿ. ವಿಷವಿಲ್ಲ. ಮೂರರಿಂದ ಐದು ಅಡಿ ಉದ್ದ. ಹೆದರಿದರೆ ಕಚ್ಚುವ ಬದಲು ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ನಡುವೆ ಹುದುಗಿಸುತ್ತದೆ, ಹೆಸರು ಬಂದದ್ದೂ ಹಾಗೆ. ಈ ಸಾಧು ಸ್ವಭಾವವೇ ಅದಕ್ಕೆ ಮುಳುವಾಯಿತು. ಮನೆಯಲ್ಲಿ ಹಾವು ಸಾಕಬಯಸುವ ಪಾಶ್ಚಾತ್ಯರಿಗೆ ಇದಕ್ಕಿಂತ ಅನುಕೂಲದ ಹಾವು ಇನ್ನೊಂದಿರಲಿಲ್ಲ.

ಕಾಡಿನಲ್ಲಿ ಇದರ ಬಣ್ಣ ಕಂದು ಮತ್ತು ಕಪ್ಪು. ಸಾವಿರದಲ್ಲೊಂದು ಎಂಬಂತೆ ಎಂದೋ ಒಮ್ಮೆ ವಂಶವಾಹಿಯಲ್ಲಿ ಉತ್ಪರಿವರ್ತನೆಯಾಗಿ ಬಿಳಿಯದೋ ಹಳದಿಯದೋ ಒಂದು ಮರಿ ಹುಟ್ಟುತ್ತದೆ. ಅಡಗಿ ಬದುಕಬೇಕಾದ ಪ್ರಾಣಿಗೆ ಎದ್ದು ಕಾಣುವ ಬಣ್ಣವೆಂದರೆ ಹದ್ದಿಗೆ ಕೊಟ್ಟ ಆಹ್ವಾನ. ಹೀಗಾಗಿ ಪ್ರಕೃತಿಯಲ್ಲಿ ಅಂಥವು ಹುಟ್ಟಿದರೂ ಹೆಚ್ಚುವುದಿಲ್ಲ. ಮನುಷ್ಯನ ಪೇಟೆಯಲ್ಲಿ ಇದು ತಿರುವುಮುರುವು. 1992ರಲ್ಲಿ ಅಮೆರಿಕದ ತಳಿಗಾರರೊಬ್ಬರು ಬಿಳಿ-ಹಳದಿಯ ಅಲ್ಬಿನೋ ಮರಿಗಳನ್ನು ಸೆರೆಯಲ್ಲಿ ಹುಟ್ಟಿಸಿದರು. 1999ರಲ್ಲಿ ‘ಸ್ಪೈಡರ್’ ಬಂತು. ಇಂದು ಬೆರಕೆಗಳೂ ಸೇರಿ ಇಂಥ ‘ಮಾರ್ಫ್’ಗಳ ಸಂಖ್ಯೆ ಸಾವಿರಗಳಲ್ಲಿದೆ.

ನಮ್ಮ ವೃತ್ತಿಯ ಕಣ್ಣಿನಿಂದ ನೋಡಿದರೆ ಈ ಪೇಟೆಯ ಮೂಲಸೂತ್ರ ಸರಳವಾಗಿದೆ. ಹೊಸ ಬಣ್ಣ ಅಪರೂಪವಾಗಿರುವಷ್ಟು ಕಾಲ ಬೆಲೆ. ಆದರೆ ಮಾರಿದ ಪ್ರತಿ ಹಾವೂ ಕೊಂಡವನ ಮನೆಯಲ್ಲಿ ಮೊಟ್ಟೆಯಿಡುತ್ತದೆ, ಅಪರೂಪವು ಸಾಮಾನ್ಯವಾಗುತ್ತದೆ, ಬೆಲೆ ಇಳಿಯುತ್ತದೆ. ಒಂದು ಕಾಲಕ್ಕೆ ಸಾವಿರಾರು ಡಾಲರ್ ತಂದ ಬಣ್ಣಗಳು ಈಗ ಕೆಲವು ನೂರು ಡಾಲರಿಗೆ ಸಿಗುತ್ತವೆ. ಇಷ್ಟು ವೇಗದ ಸವಕಳಿಯಿರುವ ಸ್ವತ್ತನ್ನು ಯಾವ ಬ್ಯಾಂಕರನೂ ಅಡಮಾನವಾಗಿ ಒಪ್ಪಲಾರ. ಈ ಸವಕಳಿಯಿಂದ ಪಾರಾಗಲು ತಳಿಗಾರನಿಗಿರುವುದು ಒಂದೇ ದಾರಿ, ಮತ್ತೊಂದು ಹೊಸ ವಿಕಲ್ಪ, ಮತ್ತೊಂದು ಬೆರಕೆ. ಬೇಡಿಕೆಯಿಲ್ಲದ ಬಣ್ಣದಲ್ಲಿ ಹುಟ್ಟಿದ ಮರಿಗಳೂ ತಿನ್ನುತ್ತವೆ, ಬದುಕುತ್ತವೆ. ಅವುಗಳ ಲೆಕ್ಕ ಹುಡುಗನ ವರದಿಯಲ್ಲಿರಲಿಲ್ಲ.

ಬದುಕುವುದೂ ಅಲ್ಪಕಾಲವಲ್ಲ. ಈ ಹಾವುಗಳು ಸಾಕಣೆಯಲ್ಲಿ ಇಪ್ಪತ್ತು, ಮೂವತ್ತು ವರ್ಷ ಬದುಕಬಲ್ಲವು. ಅಮೆರಿಕದ ಸೇಂಟ್ ಲೂಯಿ ಮೃಗಾಲಯಕ್ಕೆ 1961ರಲ್ಲಿ ಬಂದ ಹೆಣ್ಣೊಂದು 2020ರಲ್ಲಿ ಮೊಟ್ಟೆಯಿಟ್ಟು ಸುದ್ದಿಯಾಗಿತ್ತು. ಹುಡುಗನ ಮದುವೆಯಾಗಿ, ಅವನ ಮಕ್ಕಳು ಕಾಲೇಜು ಸೇರುವ ತನಕವೂ ಆ ತಲೆ ಹಾಗೆಯೇ ಸುತ್ತುತ್ತಿರುತ್ತದೆ ಎಂದಾಯಿತು.

ಬಣ್ಣವೆಂಬುದು ಬಳಿದ ಸುಣ್ಣವಲ್ಲ

ಗೋಡೆಯ ಬಣ್ಣ ಬದಲಿಸಿದರೆ ಮನೆಯ ಪಾಯ ಅಲುಗುವುದಿಲ್ಲ. ಪ್ರಾಣಿಯ ಬಣ್ಣ ಹಾಗಲ್ಲ. ಭ್ರೂಣದಲ್ಲಿ ಚರ್ಮದ ವರ್ಣಕೋಶಗಳು ಎಲ್ಲಿಂದ ಹೊರಡುತ್ತವೆಯೋ ಅದೇ ಮೂಲದಿಂದ ನರಮಂಡಲದ ಕೆಲವು ಭಾಗಗಳೂ ರೂಪುಗೊಳ್ಳುತ್ತವೆ. ವರ್ಣಕೋಶಗಳು ಒಳಕಿವಿಯಲ್ಲಿಯೂ ಕೆಲಸ ಮಾಡುತ್ತವೆ. ನೀಲಿ ಕಣ್ಣಿನ ಬಿಳಿ ಬೆಕ್ಕುಗಳಲ್ಲಿ, ಡಾಲ್ಮೇಷಿಯನ್ ನಾಯಿಗಳಲ್ಲಿ ಹುಟ್ಟುಕಿವುಡು ಹೆಚ್ಚಾಗಿರುವುದಕ್ಕೆ ಇದೇ ಕಾರಣ. ಬಣ್ಣವನ್ನು ಆರಿಸಿದೆವೆಂದು ನಾವು ತಿಳಿದಿರುತ್ತೇವೆ, ಅದರ ಬೆನ್ನಿಗೆ ಬೇರೇನನ್ನು ಆರಿಸಿದೆವೆಂಬುದು ನಮಗೆ ತಿಳಿದಿರುವುದಿಲ್ಲ.

ಸ್ಪೈಡರ್ ಹಾವಿನಲ್ಲಿ ಆದದ್ದೂ ಇಂಥದೇ. 2022ರಲ್ಲಿ ಜರ್ಮನಿಯ ವಿಜ್ಞಾನಿಗಳು ಈ ಹಾವುಗಳ ತಲೆಯನ್ನು ಸೂಕ್ಷ್ಮ ಸಿ.ಟಿ. ಸ್ಕ್ಯಾನ್ ಮಾಡಿ ಸಾಮಾನ್ಯ ಹಾವುಗಳೊಂದಿಗೆ ಹೋಲಿಸಿದ ಅಧ್ಯಯನ ಪ್ರಕಟವಾಯಿತು. ದೇಹದ ಸಮತೋಲವನ್ನು ಕಾಯುವ ಒಳಕಿವಿಯ ಭಾಗಗಳೇ ಅವುಗಳಲ್ಲಿ ವಿಕಾರಗೊಂಡಿದ್ದವು. ಎಂದರೆ ಆ ಹಾವಿಗೆ ಮೇಲು ಯಾವುದು, ಕೆಳಗು ಯಾವುದು ಎಂಬ ಅರಿವೇ ಹುಟ್ಟಿನಿಂದ ಕೆಟ್ಟಿದೆ. ಕೆಲವಕ್ಕೆ ತಲೆ ತುಸು ನಡುಗುತ್ತದೆ, ಕೆಲವು ಅಂಗಾತ ಬಿದ್ದರೆ ಮಗುಚಿಕೊಳ್ಳಲೂ ಕಷ್ಟಪಡುತ್ತವೆ, ಎದುರಿನ ಆಹಾರಕ್ಕೆ ಬಾಯಿ ಹಾಕಿದರೆ ಗುರಿ ತಪ್ಪುತ್ತದೆ. ಇದು ಪ್ರಬಲ ಗುಣ. ಸ್ಪೈಡರ್ ಹಾವನ್ನು ಸಾಮಾನ್ಯ ಹಾವಿನೊಂದಿಗೆ ಕೂಡಿಸಿದರೆ ಸರಾಸರಿ ಅರ್ಧದಷ್ಟು ಮರಿಗಳಿಗೆ ಬಣ್ಣ ಬರುತ್ತದೆ, ಬಣ್ಣ ಬಂದವಕ್ಕೆಲ್ಲ ಹೆಚ್ಚೋ ಕಡಿಮೆಯೋ ಈ ದೋಷವೂ ಬರುತ್ತದೆ. ಒಳ್ಳೆಯ ಜೋಡಿ ಆರಿಸಿ ದೋಷವನ್ನು ಕಳೆಯಲು ತಳಿಗಾರರು ಎರಡು ದಶಕ ಯತ್ನಿಸಿದರು. ಬಣ್ಣವೂ ದೋಷವೂ ಒಂದೇ ನಾಣ್ಯದ ಎರಡು ಮುಖವಾದ್ದರಿಂದ ಒಂದನ್ನಿಟ್ಟುಕೊಂಡು ಇನ್ನೊಂದನ್ನು ಕಳೆಯಲಾಗಲಿಲ್ಲ.

ಇನ್ನೊಂದು ಉದಾಹರಣೆ ಲೆಪರ್ಡ್ ಗೆಕೊ ಎಂಬ ಹಲ್ಲಿಯದು. ‘ಲೆಮನ್ ಫ್ರಾಸ್ಟ್’ ಎಂಬ ನಿಂಬೆಬಣ್ಣದ ಬಗೆ ಬಹು ಬೇಡಿಕೆಯದಾಗಿತ್ತು. ಆ ಬಣ್ಣದ ಹಲ್ಲಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚಿನವಕ್ಕೆ ಆರು ತಿಂಗಳಿಂದ ಐದು ವರ್ಷದೊಳಗೆ ಚರ್ಮದ ಗಂತಿಗಳು ಏಳುತ್ತವೆಂದು 2021ರ ಸಂಶೋಧನೆ ತಿಳಿಸಿತು. ಹೊಳಪನ್ನು ಕೊಡುವ ಕೋಶಗಳೇ ಮಿತಿಮೀರಿ ಬೆಳೆದು ಗಂತಿಯಾಗುತ್ತಿದ್ದವು.

ನ್ಯಾಯವಾಗಿ ಹೇಳಬೇಕಾದ ಮಾತೂ ಒಂದಿದೆ. ಎಲ್ಲ ಬಣ್ಣಗಳೂ ಇಂಥವಲ್ಲ. ಬಿಳಿ ಮಚ್ಚೆಯ ಪೈಬಾಲ್ಡ್‌ನಂಥ ಬಗೆಗಳಲ್ಲಿ ಈ ರೀತಿಯ ಸಮತೋಲದ ತೊಂದರೆ ಕಂಡುಬಂದಿಲ್ಲ. ಆದುದರಿಂದ ‘ಉತ್ಪರಿವರ್ತನೆಯೆಲ್ಲ ಪಾಪ’ ಎಂದು ಒಂದೇ ಏಟಿಗೆ ತೀರ್ಪು ಕೊಡುವುದು ಸರಿಯಲ್ಲ. ಪ್ರಶ್ನೆಯಿರುವುದು ತಿಳಿದೂ ಮಾಡುವುದರಲ್ಲಿ. ಈ ಮರಿ ತಲೆತಿರುಗುವ ಬಾಳನ್ನೇ ಬಾಳುತ್ತದೆಂದು ಮೊದಲೇ ಗೊತ್ತಿದ್ದು, ಆ ಗೊತ್ತಿರುವುದನ್ನು ‘ವಾಬಲ್, ಅಷ್ಟೆ’ ಎಂಬ ಮುದ್ದು ಹೆಸರಿನಿಂದ ಮುಚ್ಚಿ, ಬೆಲೆಪಟ್ಟಿಗೆ ಸೇರಿಸುವುದರಲ್ಲಿ.

‘ತಿನ್ನುತ್ತದೆ, ಮೊಟ್ಟೆಯಿಡುತ್ತದೆ’ ಎಂಬ ಸಮರ್ಥನೆಯನ್ನು ಎಲ್ಲ ದೇಶದ ತಳಿಗಾರರೂ ಹೇಳುತ್ತಾರೆ. ತಿನ್ನುವುದೂ ಹಡೆಯುವುದೂ ಜೀವದ ಹಟ, ಅದು ಸುಖದ ಪ್ರಮಾಣಪತ್ರವಲ್ಲ. ನಾಯಿಯಾದರೆ ಕುಂಯ್‌ಗುಟ್ಟುತ್ತದೆ, ಹಸು ಕಣ್ಣೀರಿಡುತ್ತದೆ. ಹಾವಿಗೆ ಕೂಗಲು ದನಿಯಿಲ್ಲ, ಮುಖದಲ್ಲಿ ನೋವು ತೋರುವ ಸ್ನಾಯುಗಳಿಲ್ಲ, ಮುಚ್ಚಿಕೊಳ್ಳಲು ರೆಪ್ಪೆಯೂ ಇಲ್ಲ. ದೂರು ಕೊಡಲಾರದವನ ಖಾತೆಯಿಂದ ಹಣ ತೆಗೆಯುವುದು ಸುಲಭ. ಆ ಕಾರಣಕ್ಕಾಗಿಯೇ ಅಂಥ ಖಾತೆಗಳ ಮೇಲೆ ಬ್ಯಾಂಕಿನಲ್ಲಿ ಹೆಚ್ಚಿನ ನಿಗಾ ಇಡುತ್ತಾರೆ.

ಕಾನೂನು ಏನು ಕೇಳುತ್ತದೆ?

‘ನಮ್ಮ ದೇಶದಲ್ಲಿ ಇದೆಲ್ಲ ಎಲ್ಲಿದೆ?’ ಎಂದು ಓದುಗರು ಕೇಳಬಹುದು. 2023ರ ಸೆಪ್ಟೆಂಬರ್ 6ರ ರಾತ್ರಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ವಾರಸುದಾರರಿಲ್ಲದ ಪೆಟ್ಟಿಗೆಗಳನ್ನು ಕಸ್ಟಮ್ಸ್ ಅಧಿಕಾರಿಗಳು ತೆರೆದಾಗ ಒಟ್ಟು 78 ಪ್ರಾಣಿಗಳು ಸಿಕ್ಕವು. ಅವುಗಳಲ್ಲಿ 55 ಬಾಲ್ ಪೈಥಾನ್, ಬೇರೆಬೇರೆ ಬಣ್ಣದ ಬಗೆಗಳವು. 17 ಕಾಳಿಂಗ ಸರ್ಪಗಳು. ಉಳಿದ ಆರು ಕಾಪುಚಿನ್ ಕೋತಿಗಳು, ಸತ್ತಿದ್ದವು. ಮರುವರ್ಷ ಏಪ್ರಿಲಿನಲ್ಲಿ ಅದೇ ನಿಲ್ದಾಣದಲ್ಲಿ ಹತ್ತು ಹಳದಿ ಅನಕೊಂಡಗಳು ಸಿಕ್ಕವು. ನಮ್ಮ ನಾಡಿನ ಹೆಬ್ಬಾಗಿಲಿಗೇ ಬಂದಿರುವ ವ್ಯಾಪಾರವಿದು.

ನಮ್ಮ ನೆಲದ ಹಾವುಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಪರದೇಶದ ಪ್ರಾಣಿಗಳ ವಿಷಯದಲ್ಲಿ ಮಾತ್ರ ಬಹುಕಾಲ ಕಾನೂನು ಮೌನವಾಗಿತ್ತು. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಇಂಥ ಪ್ರಾಣಿಗಳಿದ್ದವರು ಸ್ವಇಚ್ಛೆಯಿಂದ ಘೋಷಿಸಿಕೊಳ್ಳಲು ಅವಕಾಶ ಕೊಟ್ಟಿತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಅಂತಾರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ನಾಲ್ಕನೆಯ ಅನುಸೂಚಿಗೆ ಸೇರಿಸಿತು. ಬಾಲ್ ಪೈಥಾನ್ ಅದರಲ್ಲಿದೆ. 2024ರ ಫೆಬ್ರವರಿಯಲ್ಲಿ ಬಂದ ನಿಯಮಗಳ ಪ್ರಕಾರ ಇಂಥ ಪ್ರಾಣಿ ಇಟ್ಟುಕೊಂಡವರು ನೋಂದಾಯಿಸಬೇಕು, ಹಸ್ತಾಂತರ, ಜನನ, ಮರಣಗಳನ್ನು ವರದಿ ಮಾಡಬೇಕು.

ಒಳ್ಳೆಯದೇ ಆಯಿತು. ಆದರೆ ಗಮನಿಸಿ. ಈ ಕಾನೂನು ಎಷ್ಟು ಮರಿ ಹುಟ್ಟಿತೆಂದು ಕೇಳುತ್ತದೆ, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಕೇಳುತ್ತದೆ. ಹುಟ್ಟಿದ ಮರಿಗೆ ತಲೆ ನೆಟ್ಟಗೆ ನಿಲ್ಲುತ್ತದೆಯೇ ಎಂದು ಕೇಳುವುದಿಲ್ಲ. ಪ್ರಾಣಿಹಿಂಸೆ ತಡೆಯುವ 1960ರ ಕಾಯಿದೆ ಹೊಡೆಯುವುದು, ಅತಿಭಾರ ಹೇರುವುದು, ಹಸಿವೆಗೆ ಕೆಡಹುವುದು ಇವನ್ನೆಲ್ಲ ಕ್ರೌರ್ಯವೆಂದು ಎಣಿಸುತ್ತದೆ. ಹುಟ್ಟುವ ಮೊದಲೇ ಮೊಟ್ಟೆಯೊಳಗೆ ಇಟ್ಟ ಹಿಂಸೆಗೆ ಅದರಲ್ಲಿ ಹೆಸರಿಲ್ಲ. ಜರ್ಮನಿಯ ಪ್ರಾಣಿ ಸಂರಕ್ಷಣಾ ಕಾನೂನಿನ 11ಬಿ ಕಲಮು ಮರಿಗಳಿಗೆ ಆನುವಂಶಿಕವಾಗಿ ನೋವು, ಯಾತನೆ ತರುವಂಥ ಸಾಕಣೆಯನ್ನೇ ನಿಷೇಧಿಸುತ್ತದೆ. ಇಂಗ್ಲೆಂಡಿನಲ್ಲಿ ಸರೀಸೃಪ ಪ್ರಿಯರ ಸಂಘವಾದ ಇಂಟರ್‌ನ್ಯಾಷನಲ್ ಹರ್ಪೆಟಲಾಜಿಕಲ್ ಸೊಸೈಟಿಯೇ 2018ರಿಂದ ತನ್ನ ಮೇಳಗಳಲ್ಲಿ ಸ್ಪೈಡರ್ ಹಾವಿನ ಮಾರಾಟಕ್ಕೆ ಬಾಗಿಲು ಮುಚ್ಚಿತು. ಹಾವನ್ನು ಪ್ರೀತಿಸುವವರೇ ‘ಇದು ಬೇಡ’ ಎಂದರು ಎಂಬುದು ಗಮನಾರ್ಹ.

ನಮ್ಮಲ್ಲಿ ಆಧಾರವೇ ಇಲ್ಲವೆಂದಲ್ಲ. ಜಲ್ಲಿಕಟ್ಟು ಪ್ರಕರಣದ 2014ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಎತ್ತಿಹೇಳಿತು: ಹಸಿವು ಬಾಯಾರಿಕೆಯಿಂದ, ಅನನುಕೂಲದಿಂದ, ನೋವು-ಗಾಯ-ರೋಗಗಳಿಂದ, ಭಯ-ಸಂಕಟಗಳಿಂದ ಬಿಡುಗಡೆ, ಮತ್ತು ತನ್ನ ಸಹಜ ನಡವಳಿಕೆಯಂತೆ ಬಾಳುವ ಸ್ವಾತಂತ್ರ್ಯ. ನಮ್ಮ ಕಂಬಳವೂ ಆ ತೀರ್ಪಿನ ಬಿಸಿಯಲ್ಲಿ ಸಿಲುಕಿ, ರಾಜ್ಯಗಳು ಕಾನೂನು ತಿದ್ದಿ, 2023ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಗಳನ್ನು ಎತ್ತಿಹಿಡಿದದ್ದನ್ನು ಓದುಗರು ಬಲ್ಲರು. ಕೋಣಗಳಿಗಾಗಿ ಇಷ್ಟೊಂದು ವಾದ ನಡೆಯಿತು. ಹಾವಿನ ಪರವಾಗಿ ವಕಾಲತ್ತು ಹಾಕಿದವರನ್ನು ನಾವು ಕಂಡಿಲ್ಲ.

ಗದ್ದೆಯ ತಲೆಯಲ್ಲೊಂದು ಪಾಠ

ಹುಡುಗ ಒಂದು ಒಳ್ಳೆಯ ಪ್ರಶ್ನೆ ಕೇಳಿದ. “ತಳಿ ಮಾಡುವುದೇ ತಪ್ಪಾದರೆ ನಾವು ಉಣ್ಣುವ ಅನ್ನವೂ ತಪ್ಪಲ್ಲವೇ ಅಂಕಲ್?”

ಉತ್ತರ ನಮ್ಮ ಬೀದಿಯ ಆಚೆಗೇ ಇತ್ತು. ಇಂದು ಮೇಲ್ಸೇತುವೆ, ಮೆಟ್ರೋ, ಬಸ್ ನಿಲ್ದಾಣಗಳ ಗದ್ದಲದಲ್ಲಿ ಮುಳುಗಿರುವ ವೈಟ್ಟಿಲ ಒಂದು ಕಾಲಕ್ಕೆ ಬರೀ ಗದ್ದೆ. ‘ವಯಲ್’, ‘ತಲ’ ಎಂಬ ಎರಡು ಮಾತು ಸೇರಿ, ಗದ್ದೆಯ ತಲೆ ಎಂಬ ಅರ್ಥದಲ್ಲಿ ಈ ಹೆಸರಾಯಿತೆಂದು ಇಲ್ಲಿಯವರು ಹೇಳುತ್ತಾರೆ. ಇಲ್ಲಿರುವ ಕೇರಳ ಕೃಷಿ ವಿಶ್ವವಿದ್ಯಾಲಯದ ಭತ್ತ ಸಂಶೋಧನಾ ಕೇಂದ್ರವು ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಪೊಕ್ಕಾಳಿ ಭತ್ತದ ಮೇಲೆ ಕೆಲಸ ಮಾಡಿ ‘ವೈಟ್ಟಿಲ-1’ರಿಂದ ತೊಡಗಿ ಒಂದರ ಬೆನ್ನಿಗೊಂದು ತಳಿ ಹೊರತಂದಿದೆ. ಕುಮಟೆಯ ಕಡೆಯವರಿಗೆ ಇದು ಹೊಸದೆನಿಸಲಾರದು. ಅಘನಾಶಿನಿಯ ಗಜನಿ ಗದ್ದೆಗಳ ಕಗ್ಗ ಭತ್ತವೂ ಇದೇ ಗುಣದ್ದು.

ಇದೂ ಆಯ್ಕೆಯೇ. ಆದರೆ ರೈತನೂ ವಿಜ್ಞಾನಿಯೂ ಆರಿಸಿದ್ದು ತನ್ನ ನೆಲದಲ್ಲಿ ಗಟ್ಟಿಯಾಗಿ ನಿಲ್ಲುವ ಪೈರನ್ನು. ಹಾವಿನ ತಳಿಗಾರ ಆರಿಸುವುದು ನಿಲ್ಲಲಾರದ ಜೀವವನ್ನು. ಭತ್ತ ನೋಯುವುದಿಲ್ಲ, ಹಾವು ನೋಯುತ್ತದೆ. ಭತ್ತದ ಲಾಭ ಹಸಿದವರ ಹೊಟ್ಟೆಗೆ, ಹಾವಿನ ಲಾಭ ನೋಡುವವರ ಕಣ್ಣಿಗೆ ಮಾತ್ರ. ಆದ್ದರಿಂದ ಯಾವುದೇ ತಳಿಯ ಮುಂದೆ ನಿಂತು ಮೂರು ಪ್ರಶ್ನೆ ಕೇಳಬಹುದೆಂದು ನಮಗೆ ತೋರುತ್ತದೆ. ಇದರಿಂದ ಯಾರಿಗೆ ಲಾಭ? ಇದರ ನಷ್ಟವನ್ನು ಯಾರ ಮೈ ಭರಿಸುತ್ತದೆ? ಆ ನಷ್ಟ ನಮಗೆ ಮೊದಲೇ ಗೊತ್ತಿತ್ತೇ? ಮೊದಲೆರಡಕ್ಕೆ ಬೇರೆಬೇರೆ ಹೆಸರು ಬಂದು, ಮೂರನೆಯದಕ್ಕೆ ‘ಹೌದು’ ಎಂದು ಬಂದರೆ ಆ ವ್ಯವಹಾರ ನಿಲ್ಲಬೇಕು.

ಕಾವಿನಿಂದ ಗಾಜಿನ ಪೆಟ್ಟಿಗೆಗೆ

ಕೇರಳದ ಹಳೆಯ ಮನೆಗಳ ಹಿತ್ತಿಲಲ್ಲಿ ಸರ್ಪಕಾವು ಇರುತ್ತಿತ್ತು. ಹರಿಪ್ಪಾಡಿನ ಮಣ್ಣಾರಶಾಲ ಇಂದಿಗೂ ಪ್ರಸಿದ್ಧ. ನಮ್ಮ ತುಳುನಾಡಿನ ನಾಗಬನಗಳೂ ಅದೇ ಮರದ ಕೊಂಬೆಗಳು. ಆ ಸಂಪ್ರದಾಯದ ತಿರುಳು ಒಂದೇ: ಇಷ್ಟು ಜಾಗ ನಿನ್ನದು, ನಾವು ಕೈಹಾಕುವುದಿಲ್ಲ. ಪೂಜೆಯೂ ದೂರದಿಂದ, ಭಯವೂ ದೂರದಿಂದ. ಕೇರಳ ಅರಣ್ಯ ಇಲಾಖೆ 2020ರಲ್ಲಿ ತಂದ ‘ಸರ್ಪ’ ಆ್ಯಪಿನಲ್ಲಿ ಹಾವು ಕಂಡವರು ತಿಳಿಸಿದರೆ ತರಬೇತಿ ಪಡೆದವರು ಬಂದು ಅದನ್ನು ಹಿಡಿದು ಕಾಡಿಗೆ ಬಿಡುತ್ತಾರೆ. ಅದೂ ಒಂದರ್ಥದಲ್ಲಿ ಕಾವಿನ ಮುಂದುವರಿಕೆಯೇ.

ಹಾಗೆಂದು ನಮ್ಮ ಸಂಸ್ಕೃತಿ ಈ ವಿಷಯದಲ್ಲಿ ಶುದ್ಧವೆಂದು ಬೀಗುವಂತಿಲ್ಲ. ಕರ್ನಾಟಕದಲ್ಲಿ ‘ಎರಡು ತಲೆ ಹಾವು’, ಕೇರಳದಲ್ಲಿ ‘ಇರುತಲಮೂರಿ’ ಎನ್ನುವ ಪಾಪದ ಮಣ್ಣುಮುಕ್ಕ ಹಾವು ಸಂಪತ್ತು ತರುತ್ತದೆಂಬ ಮೂಢನಂಬಿಕೆಯಿಂದ ತೂಕದ ಲೆಕ್ಕದಲ್ಲಿ ಕಳ್ಳಪೇಟೆಗೆ ಹೋಗುತ್ತಿದೆ.

ನಾವು ಇಷ್ಟೆಲ್ಲ ಉಪದೇಶ ಮಾಡಿ ಕಾಫಿ ಲೋಟ ಕೆಳಗಿಡುವಾಗ ಹುಡುಗ ಎದ್ದು ನಮ್ಮ ಹಜಾರದ ಮೂಲೆಯ ಮೀನಿನ ತೊಟ್ಟಿಯ ಬಳಿ ನಿಂತ. ನಾಲ್ಕು ವರ್ಷದ ಹಿಂದೆ ಮಗಳ ಆಸೆಗೆ ತಂದ ಕಿತ್ತಳೆ ಬಣ್ಣದ ಪ್ಯಾರಟ್ ಮೀನು ಅದರಲ್ಲಿದೆ.

“ಅಂಕಲ್, ಇದರ ಬಾಯಿ ಯಾಕೆ ಮುಚ್ಚುವುದೇ ಇಲ್ಲ?”

ನಮಗೆ ಉತ್ತರ ಗೊತ್ತಿರಲಿಲ್ಲ. ಆ ರಾತ್ರಿ ಓದಿ ತಿಳಿದೆವು. 1980ರ ದಶಕದಲ್ಲಿ ತೈವಾನಿನಲ್ಲಿ ಬೇರೆಬೇರೆ ಮೀನುಗಳನ್ನು ಬೆರೆಸಿ ಮಾಡಿದ ಸಂಕರ ಇದು. ಇದರ ಬಾಯಿ ಪೂರ್ತಿ ಮುಚ್ಚಿಕೊಳ್ಳದು, ಆಹಾರವನ್ನು ಗಂಟಲಿನಿಂದಲೇ ಅರೆಯಬೇಕು. ನಾಲ್ಕು ವರ್ಷ ದಿನಕ್ಕೆರಡು ಬಾರಿ ಅದಕ್ಕೆ ಕಾಳು ಹಾಕುತ್ತ, ಅದು ನಗುತ್ತಿದೆಯೆಂದೇ ನಾವು ತಿಳಿದಿದ್ದೆವು. ವಾಸ್ತುವಿಗೆಂದು ಹಣೆಯುಬ್ಬಿದ ಫ್ಲವರ್‌ಹಾರ್ನ್ ತರುವ, ಚಪ್ಪಟೆ ಮೂತಿಯ ಪಗ್ ನಾಯಿಯ ಗೊರಕೆಗೆ ನಗುವ ನಮ್ಮ ಸಂಘದ ಮನೆಗಳು ಎಷ್ಟಿಲ್ಲ! ನಮ್ಮ ಮೂರು ಪ್ರಶ್ನೆಗಳು ಮೊದಲು ನಮ್ಮ ಹಜಾರಕ್ಕೇ ಅನ್ವಯವಾಗಬೇಕಿತ್ತು.

ಮಹಾಭಾರತದಲ್ಲಿ ಕದ್ರು ಮತ್ತು ವಿನತೆಯರ ಕಥೆಯಿದೆ. ಉಚ್ಚೈಶ್ರವಸ್ಸಿನ ಬಾಲ ಕಪ್ಪೋ ಬಿಳಿಯೋ ಎಂದು ಅಕ್ಕತಂಗಿಯರು ಪಂತ ಕಟ್ಟುತ್ತಾರೆ. ಗೆಲ್ಲುವುದಕ್ಕಾಗಿ ಕದ್ರು ತನ್ನ ಮಕ್ಕಳಾದ ಹಾವುಗಳಿಗೆ ಕಪ್ಪು ಕೂದಲಾಗಿ ಆ ಬಾಲಕ್ಕೆ ಅಂಟಿಕೊಳ್ಳಿರೆಂದು ಆಜ್ಞಾಪಿಸುತ್ತಾಳೆ. ಒಪ್ಪದವರಿಗೆ ಸರ್ಪಯಾಗದ ಬೆಂಕಿಯಲ್ಲಿ ಬೇಯಿರೆಂದು ಹೆತ್ತ ತಾಯಿಯೇ ಶಪಿಸುತ್ತಾಳೆ. ಕಾಲೇಜಿನಲ್ಲಿ ಇದನ್ನು ಓದಿದಾಗ ನಮಗೆ ಅದು ಬರೀ ಕಥೆ. ಈಗ ಅದರ ಒಂದು ಸಂಗತಿ ಚುಚ್ಚುತ್ತದೆ. ಪಂತವಿದ್ದದ್ದು ಬಣ್ಣಕ್ಕೆ, ತೆತ್ತವರು ಇನ್ನೂ ಬಾಳದ ಮಕ್ಕಳು.

ಹುಡುಗ ಮೊನ್ನೆ ಫೋನ್ ಮಾಡಿದ್ದ. ವರದಿಯಿಂದ ಸ್ಪೈಡರ್ ಸಾಲನ್ನು ತೆಗೆದಿದ್ದಾನಂತೆ. ಉಳಿದ ಸಾಲುಗಳ ಬಗ್ಗೆ ಇನ್ನೂ ಯೋಚಿಸುತ್ತಿದ್ದಾನಂತೆ. ಅಷ್ಟಕ್ಕೆ ನಮಗೆ ಸಂತೋಷವಾಯಿತು. ನಮ್ಮ ಮೀನಿನ ವಿಷಯವನ್ನೂ ಕೇಳಿದ. ಅದನ್ನು ಕೆರೆಗೆ ಬಿಡುವುದೂ ತಪ್ಪು, ಮಾರುವುದೂ ತಪ್ಪು. ಇರುವಷ್ಟು ದಿನ ಅದಕ್ಕೆ ನುಂಗಲಾಗುವಂಥ ಸಣ್ಣ ಕಾಳನ್ನೇ ತಂದು ಹಾಕುತ್ತೇವೆ, ಅದರ ಕಾಲ ಮುಗಿದ ಮೇಲೆ ಆ ತೊಟ್ಟಿಗೆ ಇನ್ನೊಂದನ್ನು ತರುವುದಿಲ್ಲ ಎಂದು ಹೇಳಿದೆವು.